ಉಡಿಪಟ್ಟಿಗೆ ಬಂದೂಕು ತಂದ ಗಾಳೇಶ

ನಮ್ಮೂರ ಗಾಳೇಶನಿಗೆ ಆಸ್ತಿ ಅಂತ ಇದ್ದದ್ದು ಒಂದೇ, ಅವನ ಬಲಗೈ. ಹೊಲ ಇರಲಿಲ್ಲ. ಅವನಪ್ಪ ಬಿಟ್ಟುಹೋದದ್ದು ಒಂದು ಜೋಡಿ ಎತ್ತು, ಒಂದು ಕೂರಿಗೆ. ಆ ಕೂರಿಗೆ ಹಿಡಿದು ಅವನು ನಡೆದರೆ ಬೀಜ ಎಣಿಸಿ ಇಟ್ಟ ಹಾಗೆ ಬೀಳುತ್ತಿತ್ತು. ತಳಕಲ್ಲಿನ ಆಚೆಯ ಊರುಗಳಿಂದಲೂ ಅವನಿಗೆ ಕರೆ ಬರುತ್ತಿತ್ತು. ಮಳೆ ಬಿದ್ದು ಹದ ಆರಿಹೋಗುತ್ತಿದ್ದರೂ ಅವನ ಸರದಿಗೆಂದೇ ಎರಡು ದಿನ ತಡೆದವರಿದ್ದಾರೆ. ಆ ಕೈ ಹೇಗೆ ಕೆಟ್ಟಿತು ಅನ್ನುವುದನ್ನು ನಾನು ಕಂಡಷ್ಟು, ಕೇಳಿದಷ್ಟು ಬರೆಯುತ್ತೇನೆ.

ಕೂರಿಗೆಯ ಕೆಲಸ ನೋಡುವವರಿಗೆ ಸಸಾರ. ಮಣ್ಣು ಸೀಳುವ ಮೂರು ತಾಳು, ಮೇಲೊಂದು ಬಟ್ಟಲು, ಬಟ್ಟಲಿನಿಂದ ತಾಳಿಗೆ ಇಳಿಯುವ ಬಿದಿರಿನ ಕೊಳವೆಗಳು. ಸೊಂಟಕ್ಕೆ ಕಟ್ಟಿದ ಉಡಿಯಿಂದ ಮುಷ್ಟಿ ತುಂಬ ಬೀಜ ತೆಗೆದು, ಹೆಬ್ಬೆರಳು ಸಡಿಲಿಸುತ್ತ ಬಟ್ಟಲಿಗೆ ಬಿಡಬೇಕು. ಅವಸರ ಮಾಡಿದರೆ ಒತ್ತಾಗುತ್ತದೆ, ಮೈಮರೆತರೆ ಸಾಲು ಬೋಳಾಗುತ್ತದೆ. ಎತ್ತು ಒಂದೇ ನಡಿಗೆಯಲ್ಲಿ ನಡೆಯಬೇಕು, ಕೈ ಎತ್ತಿನ ನಡಿಗೆಗೆ ಹೊಂದಬೇಕು. ಅವನ ಹಿಂದೆ ಅವನ ಹೆಂಡತಿ ಪಾರಮ್ಮ ಸಡ್ಡಿ ಹಿಡಿದು ಬರುತ್ತಿದ್ದಳು. ಸಡ್ಡಿ ಅಂದರೆ ಹಗ್ಗದಿಂದ ಕೂರಿಗೆಗೆ ಕಟ್ಟಿದ ಒಂದೇ ಬಿದಿರ ಕೊಳವೆ. ಸಜ್ಜೆಯ ನಡುವೆ ಅಕ್ಕಡಿ ಸಾಲಾಗಿ ತೊಗರಿಯೋ ಅಲಸಂದಿಯೋ ಬೀಳುವುದು ಅದರಿಂದ. ಗಂಡಹೆಂಡಿರು ಇಡೀ ದಿನ ಮಾತಿಲ್ಲದೆ ಬಿತ್ತುತ್ತಿದ್ದರು. ಮಾತಾಡಿದರೆ ಕೈ ತಪ್ಪುತ್ತದೆ ಅನ್ನುತ್ತಿದ್ದ ಗಾಳೇಶ.

ನನ್ನ ಯಜಮಾನರು ಹೋಗಿ ಹದಿನಾಲ್ಕು ವರ್ಷ. ಅವರು ಹೋದ ವರ್ಷ ರೋಹಿಣಿ ಮಳೆಗೆ ಯಾರೂ ಕರೆಯದೆ ಗಾಳೇಶ ಎತ್ತು ಹೂಡಿಕೊಂಡು ನಮ್ಮ ಬಾಗಿಲಿಗೆ ಬಂದ.

"ಯಕ್ಕಾ, ಬೀಜ ತಗಿ. ಗಂಡಸಿಲ್ಲದ ಮನಿ ಹೊಲ ಕಾಯಬಾರದು" ಅಂದ.

ಅಂದಿನಿಂದ ನಮ್ಮ ಆರೆಕರೆಗೆ ಊರಿನ ಮೊದಲ ಬಿತ್ತಿಗೆ. ನಮ್ಮದು ಆದ ಮೇಲೆ ಉಳಿದವರದು. ಶೇಖರಮ್ಮನ ಹೊಲ ಬಿತ್ತಿದನಂತೆ, ನಾಳೆ ನಮ್ಮದಕ್ಕೆ ಹೇಳು ಅನ್ನುವುದು ಊರಲ್ಲಿ ರೂಢಿಯಾಯಿತು. ಅವನ ಉಪಕಾರವನ್ನು ನಾನು ಮರೆತಿಲ್ಲ. ಮರೆತಿದ್ದರೆ ಮುಂದಿನದು ಇಷ್ಟು ಕಹಿಯಾಗುತ್ತಿರಲಿಲ್ಲ.

ಬಿತ್ತಿಗೆ ಮುಗಿದಾಗ ಉಡಿಯಲ್ಲಿ ಉಳಿದ ಬೀಜವನ್ನು ನಾವು ಮನೆಗೆ ತರುವುದಿಲ್ಲ. ಉಡಿಗೆ ಬಂದದ್ದು ಗಡಿಗೆಗೆ ಮರಳಬಾರದು. ಸಡ್ಡಿ ಹಿಡಿದ ಹೆಣ್ಣುಮಗಳು ಒಡ್ಡಿನ ಗುಂಟ ನಡೆಯುತ್ತ ಉಡಿ ಝಾಡಿಸುತ್ತಾಳೆ. "ಹಕ್ಕಿಗೆ ಹಿಡಿ, ಚಿಗರಿಗೆ ಬೊಗಸಿ, ಉಳಿದದ್ದು ನಮ್ಮ ಕಣಕ್ಕ" ಅನ್ನುತ್ತಾಳೆ. ಒಡ್ಡಿನ ಮಗ್ಗುಲಲ್ಲಿ ಎರಡು ಮಾರು ಅಗಲ ಏಳುವ ಆ ಬೆಳೆಗೆ ಉಡಿಪಟ್ಟಿ ಎಂದು ಹೆಸರು. ಚಿಗರಿ ಅಂದರೆ ಪ್ಯಾಟಿಯವರು ಕೃಷ್ಣಮೃಗ ಅನ್ನುತ್ತಾರಲ್ಲ, ಅದು.

ನನಗೆ ಚಿಗರಿಯ ಮೇಲೆ ಮುದ್ದೇನಿಲ್ಲ. ಎರಡೆಲೆ ಬಿಟ್ಟ ಅಲಸಂದಿಯನ್ನು ಒಂದು ಹಿಂಡು ಒಂದು ಮುಂಜಾನೆಯಲ್ಲಿ ಬೋಳು ಮಾಡಿ ಹೋದದ್ದನ್ನು ಕಂಡು ಮಣ್ಣು ತೂರಿ ಶಾಪ ಹಾಕಿದ್ದೇನೆ. ಕವಣೆ ಬೀಸಿದ್ದೇನೆ, ತಗಡು ಬಡಿದಿದ್ದೇನೆ. ಆದರೆ ಬೆಳೆಯೊಳಗೆ ನಿಂತ ಚಿಗರಿಯನ್ನು ಓಡಿಸುತ್ತೇವೆಯೇ ಹೊರತು ಉಡಿಪಟ್ಟಿಯಲ್ಲಿ ಬಾಯಿ ಹಾಕಿದ್ದಕ್ಕೆ ಒದರುವುದಿಲ್ಲ. ಅದು ಅದರ ಪಾಲು. ಚಿಗರಿಗೂ ಅದು ಗೊತ್ತಾಗಿತ್ತು. ಹೊಲದ ನಡುವೆ ಕಂಡರೆ ನಾನು ಸೆರಗು ಕಟ್ಟುವಷ್ಟರಲ್ಲಿ ನೆಗೆಯುತ್ತಿದ್ದವು, ಉಡಿಪಟ್ಟಿಯಲ್ಲಿದ್ದರೆ ತಲೆ ಎತ್ತಿ ನೋಡಿ ಮತ್ತೆ ಮೇಯುತ್ತಿದ್ದವು. ನಮ್ಮ ಊರಲ್ಲಿ ಹಿಂದೆ ಬೇಟೆ ಆಡಿದವರೂ ಇದ್ದರು. ನಾಯಿ ಬಿಟ್ಟು, ಬಲೆ ಹಿಡಿದು, ಗುಡ್ಡ ಸುತ್ತಿ ಕಾಲು ಹರಿದುಕೊಂಡು ಬರುತ್ತಿದ್ದರು. ಅದೂ ತಪ್ಪೇ. ಆದರೆ ಅವರಲ್ಲಿ ಒಬ್ಬರೂ ಉಡಿಪಟ್ಟಿಗೆ ಕೈ ಇಟ್ಟದ್ದನ್ನು ನಾನು ಕೇಳಿಲ್ಲ.

ಟ್ರ್ಯಾಕ್ಟರ್ ಬಿತ್ತಿಗೆ ಬಂದ ಮೇಲೆ ಗಾಳೇಶನ ದಿನ ಇಳಿದವು. ನಲವತ್ತು ಹೊಲ ಬಿತ್ತುತ್ತಿದ್ದವನಿಗೆ ಹನ್ನೊಂದಾದವು, ಆಮೇಲೆ ಐದು. ಹೊಟ್ಟೆಗೆ ಕಡಿಮೆಯಾಗಲಿಲ್ಲ, ಪಾರಮ್ಮ ಸಾಲೆಯಲ್ಲಿ ಅಡುಗೆಗೆ ಹೋಗುತ್ತಿದ್ದಳು. ಕಡಿಮೆಯಾದದ್ದು ಕರೆ. ಹೊತ್ತು ಹುಟ್ಟಿದರೆ ಗುಡಿಯ ಕಟ್ಟೆಗೆ ಕುಂತು, ಹೋಗಿ ಬರುವವರಿಗೆಲ್ಲ "ಆ ಹೊಲದ ಸಾಲು ನೋಡಿದೇನು? ಹಾವು ಹರದಂಗ ಹರದೈತಿ" ಅನ್ನುತ್ತಿದ್ದ. ಯಾರೂ ನಿಂತು ಕೇಳುತ್ತಿರಲಿಲ್ಲ.

ಹೋದ ವರ್ಷದ ಹಿಂದಿನ ದೀಪಾವಳಿಗೆ ಮುಂಚೆ ನಮ್ಮ ಮೂಡಲ ಒಡ್ಡಿನ ಆಚೆಯ ಹನ್ನೆರಡೆಕರೆಯನ್ನು ಗಂಗಾವತಿಯ ಕಡೆಯ ಪ್ರಭುರಾಜ ಕೊಂಡ. ಅಕ್ಕಿ ಗಿರಣಿಯ ಮನೆತನ, ನಲವತ್ತು ದಾಟಿರದ ಆಳು. ಬೋರು ಹಾಕಿಸಿದ, ತುಂತುರು ನೀರಿನ ಪೈಪು ಎಳೆಸಿದ. ಆದರೆ ಹೊಲ ಮಾಡುವ ಆಸೆ ಅವನಿಗಿರಲಿಲ್ಲ. ಟ್ರ್ಯಾಕ್ಟರಿನಿಂದ ಅರ್ಧ ಎಕರೆ ಹರಗಿಸಿ, ಜಾಲಿ ಗಿಡಗಳ ಮರೆಯಲ್ಲಿ, ಎಲ್ಲಿಂದಲೋ ತರಿಸಿದ ಹುಲ್ಲಿನ ಬೀಜ ಚೆಲ್ಲಿಸಿದ. ಹುಲ್ಲು ಮೊಣಕಾಲೆತ್ತರ ಬಂತು. ಒಂದು ಚಿಗರಿಯೂ ಅದರ ಕಡೆ ಹಾಯಲಿಲ್ಲ.

ಒಂದು ದಿನ ನಾನು ನಮ್ಮ ಒಡ್ಡಿನ ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚಿದ್ದೆ. ಒಡ್ಡಿನ ಆಚೆ ಪ್ರಭುರಾಜ ಫೋನು ಹಿಡಿದು ನಿಂತಿದ್ದ. ಅದರೊಳಗೆ ಯಾವನೋ ಬಿಳಿ ಮನುಷ್ಯ ಜಿಂಕೆಗೆ ಹೇಗೆ ಬಿತ್ತಬೇಕು, ಎಲ್ಲಿ ಕೂರಬೇಕು ಎಂದು ಹೇಳುತ್ತಿದ್ದನಂತೆ. ಗಾಳೇಶ ಎತ್ತು ಮೇಯಿಸುತ್ತ ಅಲ್ಲಿಗೆ ಹೋದವನು ಹುಲ್ಲನ್ನು ನೋಡಿ ನಕ್ಕುಬಿಟ್ಟ.

"ಏನಲೇ, ನಗತಿ?"

"ಸಿಟ್ಟಾಗಬ್ಯಾಡ್ರಿ ಸಾವ್ಕಾರ್ರ. ನಿಮ್ಮ ಫೋನಿನ ಮನಿಶಾಗ ನಮ್ಮ ಚಿಗರಿ ಗೊತ್ತಿಲ್ರಿ."

"ನಿನಗ ಗೊತ್ತೈತೇನು?"

"ನನಗ ಗೊತ್ತಿಲ್ಲದ ಚಿಗರಿ ಈ ಸೀಮ್ಯಾಗ ಹುಟ್ಟಿಲ್ರಿ."

ಅಷ್ಟು ದಿನ ಯಾರೂ ಕೇಳದ ಬಾಯಿ ಅದು. ಒಮ್ಮೆ ತೆರೆದದ್ದು ಮುಚ್ಚಲಿಲ್ಲ. ಗಿಡದ ಮರೆಗೆ ಬಿತ್ತಿದ್ದೇ ತಪ್ಪು ಅಂದ. ಫೋನಿನವನ ಜಿಂಕೆ ಅಡವಿಯದು, ಅದಕ್ಕೆ ಮರೆ ಬೇಕು. ನಮ್ಮ ಚಿಗರಿಗೆ ಕಣ್ಣು ಹಾಯುವಷ್ಟು ಬಯಲು ಬೇಕು, ಗಿಡಗಂಟಿ ಕಂಡರೆ ಅದರ ಹಿಂದೆ ತೋಳ ಇದೆ ಅಂತಲೇ ಅದು ತಿಳಿಯುವುದು. ಟ್ರ್ಯಾಕ್ಟರು ಓಡಾಡಿದ ಮಣ್ಣು ವಾರಗಟ್ಟಲೆ ಎಣ್ಣೆ ನಾರುತ್ತದೆ ಅಂದ.

"ಮತ್ತ ಎಲ್ಲಿ ಬಿತ್ತಬೇಕೋ ಮಾರಾಯ?"

"ಅವು ಎಲ್ಲಿ ನಂಬ್ಯಾವೋ ಅಲ್ಲಿ" ಅಂದು ಗಾಳೇಶ ನಮ್ಮ ಒಡ್ಡಿಗೆ ಕೈ ಮಾಡಿದ. "ಇದು ಶೇಖರಮ್ಮಕ್ಕನ ಉಡಿಪಟ್ಟಿ. ಇಲ್ಲಿ ಇವಕ್ಕ ಯಾರೂ ಹೊಡಿಯಂಗಿಲ್ಲ. ಈಗ ಒಣಗೈತಿ, ಆದ್ರೂ ದಿನಾ ಮುಂಜಾನೆ ಬಂದು ಮೂಸಿ ನೋಡಿ ಹೋಗ್ತಾವು. ಇದಕ್ಕ ಹೊಂದಿಸಿ ಉದ್ದಕ ಅಲಸಂದಿ ಬಿತ್ರಿ, ಕೂರಿಗಿಲೇ. ಸಂಕ್ರಾಂತಿಗೆ ಬಿತ್ತಿದ್ರ ಶಿವರಾತ್ರಿ ಹೊತ್ತಿಗೆ ಸುತ್ತ ಎಲ್ಲಾ ಒಣಗಿರತೈತಿ, ಇದೊಂದs ಹಸರು. ಬರದs ಎಲ್ಲಿ ಹೋಗ್ತಾವು?"

ಗಾಳಿಯ ಲೆಕ್ಕವನ್ನೂ ಅವನೇ ಹೇಳಿದ. ಆ ದಿನಗಳಲ್ಲಿ ಮುಂಜಾನೆ ಮೂಡಣ ಗಾಳಿ, ಹಾಗಾಗಿ ಕೂರುವವರು ಪಡುವಣದಲ್ಲಿ, ಅಂದರೆ ನಮ್ಮ ಬೇವಿನ ಗಿಡದ ಮೇಲೆ ಕೂರಬೇಕು. ಮೊಳಕೆ ಬಂದ ಮೇಲೆ ಇಪ್ಪತ್ತು ದಿನ ಅವನೊಬ್ಬನ ಹೊರತು ಯಾರೂ ಅತ್ತ ಸುಳಿಯಬಾರದು. ಅವನ ಧೋತರ, ಅವನ ಕೆಮ್ಮು ಚಿಗರಿಗೆ ರೂಢಿ ಇವೆ.

ನಾನು ಅದನ್ನೆಲ್ಲ ಕಿವಿಯಾರೆ ಕೇಳಿದೆ. ಪ್ರಭುರಾಜ ಒಡ್ಡು ದಾಟಿ ಬಂದು, "ಯಮ್ಮಾ, ಚಿಗರಿದು ಫೋಟೋ ತಗೀಬೇಕಂತ ಆಸೆ. ನಿಮ್ಮ ಬೇವಿನ ಗಿಡದಾಗ ಒಂದು ಅಟ್ಟ ಕಟ್ಟಿಕೊಂತೀವಿ. ಪಟ್ಟಿಗೆ ನೀರೂ ಬಿಡಸ್ತೀನಿ" ಅಂದ. ಪ್ಯಾಟಿಯವರು ಹಕ್ಕಿ, ಚಿಗರಿ ನೋಡಲೆಂದೇ ನೂರು ಮೈಲಿಯಿಂದ ಬರುವುದನ್ನು ನಾನು ಕೇಳಿದ್ದೆ. ಬ್ಯಾಸಗೆಯಲ್ಲಿ ಪಟ್ಟಿಗೆ ನೀರು ಬಿದ್ದರೆ ಕೆಟ್ಟದ್ದೇನು ಎಂದು ಹೂಂ ಅಂದೆ. ನನ್ನ ತಪ್ಪು ಅಷ್ಟು. ಅಷ್ಟನ್ನೂ ನಾನು ಇಲ್ಲಿ ಇಡುತ್ತೇನೆ.

ಸಂಕ್ರಾಂತಿಯ ಮರುದಿನ ಗಾಳೇಶ ಎತ್ತಿನ ಕೊಂಬಿಗೆ ಎಣ್ಣೆ ಹಚ್ಚಿ, ಹೊಸ ಹಗ್ಗ ಹಾಕಿ ಹೊರಟ. ಅವನ ಮುಖದಲ್ಲಿ ಅಂಥ ಕಳೆ ಕಂಡು ಏಳೆಂಟು ವರ್ಷ ಆಗಿತ್ತು. ಪಾರಮ್ಮ ಸಡ್ಡಿ ಹೆಗಲಿಗಿಟ್ಟುಕೊಂಡು ಹಿಂದೆ ಬೈಯುತ್ತ ಬಂದಳು.

"ಸಂಕ್ರಾಂತಿಗೆ ಅಲಸಂದಿ ಬಿತ್ತೋ ಶ್ಯಾಣ್ಯಾನ್ನ ಇವತ್ತs ನೋಡಿದೆ."

"ಸಾವ್ಕಾರ್ರ ಖುಷಿ. ನಿನಗೇನು ತ್ರಾಸು?"

"ಖುಷಿ ಅವರದು, ಸೊಂಟ ನಂದು."

ಬಿತ್ತಿ ಮುಗಿಸಿ ಅವಳು ನಮ್ಮ ಒಡ್ಡಿನ ಗುಂಟ ಉಡಿ ಝಾಡಿಸಿದಳು. ಹಕ್ಕಿಗೆ ಹಿಡಿ, ಚಿಗರಿಗೆ ಬೊಗಸಿ ಅಂದದ್ದು ನನಗೆ ಕೇಳಿಸಿತು. ಅವಳಿಗೆ ಏನೂ ಗೊತ್ತಿರಲಿಲ್ಲ.

ಇದು ಫೋಟೋಕ್ಕಲ್ಲ ಎಂದು ಗಾಳೇಶನಿಗೆ ಯಾವಾಗ ಗೊತ್ತಾಯಿತು ಎಂದು ನಾನು ಆಮೇಲೆ ಪಾರಮ್ಮನನ್ನು ಕೇಳಿ ತಿಳಿದೆ. ಅಲಸಂದಿ ಬಳ್ಳಿ ಬಿಡುವ ಹೊತ್ತಿಗೆ, ಅಂದರೆ ಗುಂಡು ಹಾರುವುದಕ್ಕೆ ಹದಿನೈದು ದಿನ ಮುಂಚೆ, ಅವನು ಜೀಪಿನಲ್ಲಿ ಬಂದೂಕು ಕಂಡಿದ್ದ. ಆಗ ಮನೆಗೆ ಬಂದು ಹೆಂಡತಿಗೆ ಹೇಳಲಿಲ್ಲ, ಎಲ್ಲ ಮುಗಿದ ಮೇಲೆ ಹೇಳಿದ. ಮರುದಿನ ಎಂದಿನಂತೆ ಎದ್ದು ಹೋಗಿ, ಅಟ್ಟಕ್ಕೆ ಜೋಳದ ಸೊಪ್ಪೆ ಹೊದಿಸಿ, ಕೂತವರ ಕಣ್ಣಿಗೆ ಚಿಗರಿಯ ಮಗ್ಗುಲು ನೇರ ಸಿಗುವ ಹಾಗೆ ಸಂದು ಬಿಟ್ಟ. ಕೂಲಿಗಾಗಿ ಮಾಡಿದ್ದರೆ ನನಗೆ ಇಷ್ಟು ಹೇಸಿಗೆ ಆಗುತ್ತಿರಲಿಲ್ಲ. ಹೊಟ್ಟೆಗಾಗಿ ಮನುಷ್ಯ ಏನೇನೋ ಮಾಡುತ್ತಾನೆ. ಇವನು ಮಾಡಿದ್ದು ಪ್ರಭುರಾಜ ಅವನ ಬೆನ್ನು ತಟ್ಟಿ "ನೀ ಭಾಳ ಹುಷಾರ ಅದಿ ಗಾಳೇಶ" ಅಂದದ್ದಕ್ಕೆ. ಆ ಮಾತನ್ನು ಅವನು ಗುಡಿಯ ಕಟ್ಟೆಯ ಮೇಲೆ ಮೂರು ಸಲ ಹೇಳಿದ್ದನಂತೆ.

ಶಿವರಾತ್ರಿಗೆ ನಾಲ್ಕು ದಿನ ಇತ್ತು. ನಮ್ಮ ಕೆಳಗಿನ ಎರಿ ಹೊಲದಲ್ಲಿ ಕುಸುಬಿ ಒಣಗಿ ನಿಂತಿತ್ತು. ಕುಸುಬಿ ಕೀಳುವುದು ಇಬ್ಬನಿ ಇರುವಾಗ. ಬಿಸಿಲೇರಿದರೆ ಮುಳ್ಳು ಗಟ್ಟಿಯಾಗಿ ಕೈ ಬಿಡುವುದಿಲ್ಲ. ನಾನೂ ಸೊಸೆ ರೇಣುಕಾದೇವಿಯೂ ಕೈಕಾಲಿಗೆ ಹಳೆ ಅರಿವೆ ಸುತ್ತಿಕೊಂಡು ಬೆಳಕು ಹರಿಯುವಾಗ ಹೊಲದಲ್ಲಿದ್ದೆವು. ಮೇಲೆ ಒಡ್ಡಿನ ಹತ್ತಿರ ಚಿಗರಿಗಳು ಮೇಯುತ್ತಿದ್ದವು. ಹದಿನೇಳು. ಹದಿನೈದು ದಿನದಿಂದ ದಿನಾ ಎಣಿಸುತ್ತಿದ್ದೆ, ಹದಿನೇಳೇ ಇರುತ್ತಿದ್ದವು.

ಡಬ್ ಅಂತ ಒಮ್ಮೆ, ಒಂದು ಉಸಿರು ಬಿಟ್ಟು ಮತ್ತೊಮ್ಮೆ ಸಪ್ಪಳವಾಯಿತು. ರೇಣುಕಾ "ಅತ್ತಿ, ಬೋರಿನ ಮೋಟಾರು ಸುಟ್ಟತೇನು?" ಅಂದಳು. ಬೇವಿನ ಗಿಡದಿಂದ ಕಾಗೆಗಳು ಎದ್ದವು. ನಾವು ಕುಸುಬಿ ಬಿಟ್ಟು ಮೇಲೆ ನಡೆದೆವು.

ಕೋಡಿನ ಹೋರಿಚಿಗರಿ ಹಿಂಗಾಲು ಎಳೆಯುತ್ತ ಗುಡ್ಡದ ಕಡೆ ಹೋಗುತ್ತಿತ್ತು. ಕಾಲು ಮೊಣಕಾಲಿನ ಕೆಳಗೆ ಚರ್ಮದಲ್ಲಷ್ಟೇ ನಿಂತಿತ್ತು. ಹೆಣ್ಣೊಂದು ಪಟ್ಟಿಯಲ್ಲಿ ಬಿದ್ದಿತ್ತು. ಕಾಲು ಇನ್ನೂ ಓಡುತ್ತಿದ್ದವು, ಮೈ ಇದ್ದಲ್ಲೇ ಇತ್ತು. ಕೆಚ್ಚಲು ತುಂಬಿತ್ತು. ಹಾಲು ಒಸರಿ ಅಲಸಂದಿ ಎಲೆಯ ಮೇಲೆ ಬಿದ್ದು ರಕ್ತಕ್ಕೆ ಕೂಡುತ್ತಿತ್ತು. ಬಾಯಲ್ಲಿ ಅಲಸಂದಿಯ ಕುಡಿ ಅರ್ಧ ಒಳಗೆ ಅರ್ಧ ಹೊರಗೆ ಇತ್ತು. ಅದನ್ನು ಅದು ಅಗಿದಿರಲಿಲ್ಲ.

ಪ್ರಭುರಾಜ ಅಟ್ಟದಿಂದ ಇಳಿದ. ಅವನಿಗೆ ಸಂತೋಷವಿರಲಿಲ್ಲ. "ಛೇ, ಕೋಡಿಂದು ತಪ್ಪಿಸಿಕೊಂತು" ಅಂದ. ಆಮೇಲೆ ಫೋನು ತೆಗೆದು, "ಗಾಳೇಶ, ಇದರ ತಲಿ ಎತ್ತಿ ಹಿಡಿ" ಅಂದ.

ಗಾಳೇಶ ಕುಕ್ಕರಗಾಲಲ್ಲಿ ಕುಂತು ಕಿವಿ ಹಿಡಿದು ತಲೆ ಎತ್ತಿದ.

"ಬಾಯಾಗಿನ ತೊಪ್ಪಲ ತಗಿಯಲೇ. ಫೋಟೋದಾಗ ಹೊಲಸು ಕಾಣತೈತಿ."

ಗಾಳೇಶ ಬಲಗೈಯ ಎರಡು ಬೆರಳು ಅದರ ಬಾಯೊಳಗೆ ಹಾಕಿ ಕುಡಿಯನ್ನು ಎಳೆದು ಒಗೆದ. ತುಟಿಯ ಮೇಲಿನ ಹಸಿರು ಜೊಲ್ಲನ್ನು ಹೆಬ್ಬೆರಳಿನಿಂದ ಒರೆಸಿದ. ಬೆರಳನ್ನು ತನ್ನ ಧೋತರಕ್ಕೆ ತಿಕ್ಕಿಕೊಂಡ. ಅದರ ಕಣ್ಣು ಇನ್ನೂ ಆಡುತ್ತಿತ್ತು.

ನಾನು ಒಡ್ಡಿಗೆ ಕೈಯಾನಿಸಿ ಕಾರಿದೆ. ರೇಣುಕಾ ಬೆನ್ನು ಹಿಡಿದಳು. ಆಗ ಅವರು ನಮ್ಮನ್ನು ಕಂಡರು.

"ಯಕ್ಕಾ, ನೀ ಯಾಕ ಬಂದಿ ಇಲ್ಲಿ?" ಅಂದ ಗಾಳೇಶ.

"ನನ್ನ ಹೊಲ ಇದು. ನೀ ಯಾಕ ಬಂದಿ?"

"ನಾ ಏನೂ ಮಾಡಿಲ್ಲಕ್ಕಾ. ಬಿತ್ತೀನಿ ಅಷ್ಟs."

ಪ್ರಭುರಾಜ ಅಂಜಲಿಲ್ಲ. ಅವನ ಮುಖದಲ್ಲಿ ನೆಂಟರ ಮನೆಗೆ ಬಂದವನ ನಗು ಇತ್ತು. "ಯಮ್ಮಾ, ಗದ್ದಲ ಮಾಡಬ್ಯಾಡ್ರಿ. ನಿಮಗೂ ಒಂದು ಪಾಲು ಕಳಸ್ತೀನಿ. ತಿನ್ನದಿದ್ರ ಯಾರಿಗರೆ ಕೊಡ್ರಿ."

"ನನ್ನ ಪಾಲು ಅದರ ಬಾಯಾಗಿತ್ತು. ತಗದು ಒಗಸಿದ್ರಿ" ಅಂದೆ.

ಅವನಿಗೆ ತಿಳಿಯಲಿಲ್ಲ. ಗಾಳೇಶನಿಗೆ ತಿಳಿಯಿತು, ಯಾಕೆಂದರೆ ತಲೆ ತಗ್ಗಿಸಿದ. ಆದರೆ ಕೈಯಲ್ಲಿ ಹಿಡಿದ ಕಿವಿಯನ್ನು ಬಿಡಲಿಲ್ಲ, ಫೋಟೋ ಆಗುವ ತನಕ ಬಿಡಲಿಲ್ಲ.

ರೇಣುಕಾ ಅಲ್ಲೇ ನಿಂತು ಅರಣ್ಯದವರಿಗೆ ಫೋನು ಹಚ್ಚಿದಳು. ಅವರು ಬರುವುದರೊಳಗೆ ಜೀಪು ಸತ್ತದ್ದನ್ನು ಹಾಕಿಕೊಂಡು ಹೋಗಿತ್ತು. ರಕ್ತ, ಅಟ್ಟ, ಕಿತ್ತ ಅಲಸಂದಿ ಎಲ್ಲ ಇದ್ದಲ್ಲೇ ಇದ್ದವು. ನಾನು ಕಂಡದ್ದನ್ನು ಕಂಡಷ್ಟೇ ಹೇಳಿದೆ, ಬರೆದದ್ದನ್ನು ಓದಿಸಿ ಕೇಳಿ ಸಹಿ ಮಾಡಿದೆ. ಹೋರಿಚಿಗರಿ ಮೂರನೆಯ ದಿನ ಗುಡ್ಡದ ಓರೆಯಲ್ಲಿ ಸಿಕ್ಕಿತು. ನಾಯಿಗಳು ಅರ್ಧ ತಿಂದಿದ್ದವು, ಉಳಿದರ್ಧದಲ್ಲಿ ಹುಳ ಇದ್ದವು. ಅದರ ವಾಸನೆ ಕುಸುಬಿ ಹೊಲದ ತನಕ ಬರುತ್ತಿತ್ತು. ಪ್ರಭುರಾಜನ ಮೇಲೂ ಗಾಳೇಶನ ಮೇಲೂ ಕೇಸು ಆಯಿತು, ಇನ್ನೂ ನಡೆದಿದೆ. ಗಾಳೇಶ ಹತ್ತೊಂಬತ್ತು ದಿನ ಒಳಗಿದ್ದು ಬಂದ.

ಬಂದವನು ಕಟ್ಟೆಯ ಮೇಲೆ ಕುಂತು ಅದೇ ಮಾತು ಶುರುಮಾಡಿದ. "ಗುಂಡು ಹಾರಿಸಿದಾವ ನಾನಲ್ಲ. ಬಿತ್ತೋದು ತಪ್ಪೇನು? ಬಿತ್ತೋದು ನನ್ನ ಕಸುಬು."

ನೀರಿಗೆ ಹೊರಟಿದ್ದ ಮುದುಕವ್ವ, ಅವನ ಓಣಿಯ ಹಿರಿಯಳು, ಕೊಡ ಇಳಿಸಿ ಹೇಳಿದಳು: "ಹೌದಪಾ. ಹಾಲಿನಾಗ ಇಸಾ ಹಾಕಿದಾಕಿ ಹಾಲು ಕೊಟ್ಟೀನಿ ಅಷ್ಟs ಅಂದಳಂತ."

ಯಾರೂ ನಗಲಿಲ್ಲ. ಅವತ್ತಿನಿಂದ ಊರು ನನ್ನ ಬಾಗಿಲನ್ನು ನೋಡತೊಡಗಿತು. ರೋಹಿಣಿಗೆ ಶೇಖರಮ್ಮ ಅವನನ್ನು ಕರೆದರೆ ಉಳಿದ ನಾಲ್ಕು ಮನೆಯವರೂ ಕರೆಯುತ್ತಾರೆ. ಕರೆಯದಿದ್ದರೆ ಕೂರಿಗೆ ಗೂಟಕ್ಕೇರುತ್ತದೆ. ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ರೋಹಿಣಿ ಮಳೆ ಒಂದು ಸಂಜೆ ಚೆನ್ನಾಗಿ ಹೊಡೆಯಿತು. ಮರುದಿನ ಹದ ಬಂತು. ಹೊತ್ತು ಹುಟ್ಟುವ ಮುಂಚೆ ಗಾಳೇಶ ಎತ್ತು ಹೂಡಿಕೊಂಡು ಬಾಗಿಲಿಗೆ ಬಂದ, ಪ್ರತಿ ವರ್ಷ ಬಂದ ಹಾಗೆಯೇ. ಪಾರಮ್ಮ ಜೊತೆಗಿರಲಿಲ್ಲ.

"ಯಕ್ಕಾ, ಬೀಜ ತಗಿ."

ಬೀಜ ಮೊರದಲ್ಲಿ ಹಸನು ಮಾಡಿ ಇಟ್ಟಿದ್ದೆ. ಸಜ್ಜೆ ಬೇರೆ, ಅಲಸಂದಿ ಬೇರೆ. ಅದು ಅವನಿಗೂ ಕಾಣುತ್ತಿತ್ತು.

"ಸಡ್ಡಿ ಯಾರು ಹಿಡೀತಾರ?" ಅಂದೆ.

"ಅಕಿ ಒಲ್ಲೆ ಅಂತಾಳ. ರೇಣುಕಾ ಹಿಡೀಲಿ."

"ಅಕಿ ಯಾಕ ಒಲ್ಲೆ ಅಂದಳು?"

ಅವನು ಎತ್ತಿನ ಹಗ್ಗ ತಿರುವಿದ. "ಯಕ್ಕಾ, ನೀ ಕರೀಲಿಲ್ಲಂದ್ರ ನನ್ನ ಯಾರೂ ಕರೆಯಂಗಿಲ್ಲ. ನಿನ್ನ ಗಂಡ ಸತ್ತಾಗ ನಾ ಬಂದಿದ್ದೆ."

"ಬಂದಿದ್ದಿ. ಅದಕ್ಕs ನಿನ್ನ ನಿಂದ್ರಿಸಿಕೊಂಡು ಮಾತಾಡಾಕತ್ತೀನಿ."

"ತಪ್ಪಾತು ಅಂದೆನಲ್ಲ."

"ಎಲ್ಲಿ ಅಂದಿ? ಬಿತ್ತೀನಿ ಅಷ್ಟs ಅಂದಿ."

ನಾನು ಅವನ ಬಲಗೈ ನೋಡಿದೆ. ತೊಳೆದ ಕೈ, ಉಗುರು ಕತ್ತರಿಸಿದ್ದ, ಹೆಬ್ಬೆರಳ ಮೇಲೆ ಬೀಜ ಬಿಟ್ಟು ಬಿಟ್ಟು ಬಂದ ಗಟ್ಟಿ ದಡ್ಡು. ಆ ಹೆಬ್ಬೆರಳು ಜೊಲ್ಲು ಒರೆಸಿದ್ದು ನನ್ನ ಕಣ್ಣಿಗೆ ಕಟ್ಟಿತು. ಆ ಕೈ ನನ್ನ ಮೊರದೊಳಗೆ ಇಳಿಯುವುದನ್ನು ನೋಡಲು ನನ್ನಿಂದ ಆಗುವುದಿಲ್ಲ ಅನ್ನುವುದಷ್ಟೇ ನಿಜ. ನ್ಯಾಯ ಅನ್ಯಾಯ ಅಳೆದು ಹೇಳಿದ್ದಲ್ಲ.

"ನನ್ನ ಬೀಜ ನಿನ್ನ ಕೈಗೆ ಕೊಡಂಗಿಲ್ಲ ಗಾಳೇಶ. ಎತ್ತು ಹೊಡಕೊಂಡು ಹೋಗು" ಅಂದೆ.

ಅವನು ಬೈಯಲಿಲ್ಲ. ಎತ್ತು ತಿರುಗಿಸಿಕೊಂಡು ಹೋದ. ಓಣಿಯ ಎರಡೂ ಬದಿಯ ಬಾಗಿಲುಗಳಲ್ಲಿ ಜನ ನಿಂತಿದ್ದರು.

ಗಂಟೆ ಕಳೆದಿರಲಿಲ್ಲ, ಅದೇ ಎತ್ತು, ಅದೇ ಕೂರಿಗೆ ಮತ್ತೆ ನಮ್ಮ ಬಾಗಿಲಿಗೆ ಬಂತು. ಹಗ್ಗ ಹಿಡಿದವಳು ಪಾರಮ್ಮ. ಸೀರೆ ಮೇಲೆ ಕಟ್ಟಿ, ಉಡಿ ಬಿಗಿದಿದ್ದಳು.

"ಯಕ್ಕಾ, ಎತ್ತು ತಪ್ಪು ಮಾಡಿಲ್ಲ. ಕೂರಿಗಿ ತಪ್ಪು ಮಾಡಿಲ್ಲ. ನಾ ಮಾಡೀನೋ ಇಲ್ಲೋ ನೀನs ಹೇಳು. ಅವತ್ತು ಅಲ್ಲಿ ಉಡಿ ಝಾಡಿಸಿದಾಕಿ ನಾನು."

"ಗೊತ್ತಿದ್ದು ಝಾಡಿಸಿದ್ದೇನು?"

"ಗೊತ್ತಿದ್ರ ಉಡಿ ಕಳಚಿ ಅವನ ಮಾರಿಗೆ ಒಗೀತಿದ್ದೆ."

"ಕೂರಿಗಿ ಹಿಡದೀ ಏನು ಎಂದಾದರೂ?"

"ಮೂವತ್ತು ವರ್ಷ ಹಿಂದಿಂದ ನೋಡೀನಿ. ಇವತ್ತು ಹಿಡೀತೀನಿ. ಸೊಟ್ಟ ಹೋದ್ರ ಬೈ."

ಅಟ್ಟಕ್ಕೆ ಹೂಂ ಅಂದವಳು ನಾನು. ಅವಳನ್ನು ಬೇಡ ಅನ್ನುವ ಬಾಯಿ ನನಗಿರಲಿಲ್ಲ. ಮೊರ ತಂದು ಅವಳ ಉಡಿಗೆ ಸಜ್ಜೆ ಸುರಿದೆ. ರೇಣುಕಾ ಸಡ್ಡಿ ಹಿಡಿದಳು.

ಬಿತ್ತಿಗೆ ನೋಡಲು ಅರ್ಧ ಊರು ಬಂದಿತ್ತು. ಗಾಳೇಶನೂ ಬಂದ. ದೂರ, ದಾರಿಯ ಕಲ್ಲಿನ ಮೇಲೆ ಕುಂತ. ಪಾರಮ್ಮನ ಮೊದಲ ಸಾಲು ಹತ್ತು ಮಾರು ನೆಟ್ಟಗೆ ಹೋಗಿ ಬಲಕ್ಕೆ ವಾಲಿತು. ಎತ್ತಿಗೆ ಹೊಸ ದನಿ, ಅವಳ ಕೈಗೆ ಮೇಳಿಯ ಹಿಡಿ ಹೊಸದು.

"ಎಡಕ್ಕ ಒತ್ತು! ಮೇಳಿ ಎಡಕ್ಕ ಒತ್ತs!" ಎಂದು ಗಾಳೇಶ ಕಲ್ಲಿನಿಂದ ಎದ್ದು ಒದರಿದ.

ಪಾರಮ್ಮ ಎತ್ತು ನಿಲ್ಲಿಸಿದಳು. ಹಿಂದೆ ತಿರುಗದೆಯೇ ಹೇಳಿದಳು: "ಬಾಯಿ ಮುಚ್ಚಿಕೊಂಡು ಕುಂದ್ರು. ಎಲ್ಲಾ ಹಾಳಾಗಿದ್ದು ಆ ಬಾಯಿಲೇನs."

ಅವನು ಕುಂತ. ಎರಡನೆಯ ಸಾಲೂ ಸೊಟ್ಟಾಯಿತು, ಮೂರನೆಯದು ಸ್ವಲ್ಪ ಕಡಿಮೆ. ಸಂಜೆಗೆ ಆರೆಕರೆ ಆಗಲಿಲ್ಲ, ಮೂರಾಯಿತು. ಮರುದಿನ ಉಳಿದ ಮೂರು. ಆ ವಾರವೇ ಉಳಿದ ನಾಲ್ಕು ಮನೆಯವರು ಪಾರಮ್ಮನಿಗೆ ಹೇಳಿಕಳಿಸಿದರು, ಅವನಿಗಲ್ಲ.

ಗಾಳೇಶ ಎರಡೂ ದಿನ ಕಲ್ಲಿನ ಮೇಲೆ ಕುಂತೇ ಇದ್ದ. ಅವನ ಕಣ್ಣಲ್ಲಿ ನೀರಿತ್ತು. ರೇಣುಕಾ ಅದನ್ನು ಕಂಡು ಕರಗಿ, "ಅತ್ತಿ, ಪಾಪ, ಮನಸಿಗೆ ಹತ್ತೇತಿ ನೋಡ್ರಿ" ಅಂದಳು. ನಾನು ಸನಿಹದಿಂದ ಹಾದು ಹೋದಾಗ ಅವನು ನನಗೆ ಹೇಳಿದ್ದು ಇಷ್ಟು:

"ಯಕ್ಕಾ, ಸಾಲು ನೋಡು. ಹೆಂಗ ಕೆಡಿಸ್ಯಾಳ ನೋಡು."